ಜೇವರ್ಗಿಯಲ್ಲೊಂದು ಸಮುದ್ರ

ಸೆಪ್ಟೆಂಬರ್ 4, ಬೆಳಿಗ್ಗೆ 6.40

ಟ್ಯಾಂಕಿನ ನೀರಿನ ಉಪ್ಪಿನಂಶ ಸರಿ. ಅಮೋನಿಯಾ ಇಲ್ಲ. ಆದರೂ ಹ್ಯಾಮರ್ ಹವಳ ಮುದುಡಿದೆ, ನಿನ್ನೆಯಂತೆ. ಹೆಬ್ಬೆರಳಿನಷ್ಟಿದ್ದಾಗ ತಂದದ್ದು, ಈಗ ಹೂಕೋಸಿನಷ್ಟು. ಬಸವನಹುಳುಗಳು ಗಾಜಿನಿಂದ ಜಾರಿ ಮರಳಿನ ಮೇಲೆ ಅಂಗಾತ ಬಿದ್ದಿವೆ. ಸಿಗಡಿ ಕಾಣುತ್ತಿಲ್ಲ. ಮೀನುಗಳು ಮಾತ್ರ ಆರಾಮ.

ಅತ್ತೆ ಚಹಾ ಹಿಡಿದು ಟ್ಯಾಂಕಿನ ಮುಂದೆ, ಅದೇ ಮೂಲೆಯಲ್ಲಿ. ಮಾದನಹಿಪ್ಪರಗಾದಿಂದ ಬಂದಾಗಿನಿಂದ ಇದೇ ರೂಢಿ. ಸಮುದ್ರ ನೋಡಿದವರಲ್ಲ. ಬಂದ ದಿನವೇ ಬೆರಳು ಅದ್ದಿ ನಾಲಿಗೆಗೆ ಹಚ್ಚಿಕೊಂಡು ನಂಬಿದರು. ಊರಿಗೆ ಫೋನ್ ಮಾಡಿ ಹೇಳುತ್ತಿದ್ದರು — "ನಮ್ಮ ಸೊಸಿ ಮನ್ಯಾಗ ಸಮುದ್ರ ಸಾಕ್ಯಾಳ." ಇಪ್ಪತ್ತು ವರ್ಷದಲ್ಲಿ ನಾವಿಬ್ಬರೂ ಒಟ್ಟಿಗೆ ಕೂತು ಏನನ್ನಾದರೂ ನೋಡಿದ್ದು ಇದೇ ಮೊದಲು.

ಇದು ಸತ್ತರೆ ಆಮೇಲೆ ಏನು ನೋಡುತ್ತೇವೆ...

ಸೆಪ್ಟೆಂಬರ್ 6

ಮರಳಿನಡಿ ಏನೋ ಕೊಳೆಯುತ್ತಿದೆಯೇ ಎಂದು ಅನುಮಾನ. ಅಲ್ಲಲ್ಲಿ ಸ್ಟ್ರಾ ಚುಚ್ಚಿ ಮೂಸಿದೆ. ಕೊಳೆತ ಮೊಟ್ಟೆಯ ವಾಸನೆ ಇಲ್ಲ. ನಮ್ಮ ಬೋರ್‌ವೆಲ್ ನೀರು ಪಾತ್ರೆಗೆಲ್ಲ ಬಿಳಿ ಪೊರೆ ಕಟ್ಟುತ್ತದೆ, ಆದರೆ ಆರ್‌ಓ ದಾಟಿದ ಮೇಲೆ ಮೀಟರ್ ಸೊನ್ನೆ. ಹಾಗಾದರೆ ನಾನೇ? ಕೈಗೆ ಹಚ್ಚಿದ ಕ್ರೀಮ್?

ಕಲಬುರಗಿಯ ನಸ್ರೀನಳೂ ಹೀಗೇ ಹವಳದ ಟ್ಯಾಂಕ್ ಇಟ್ಟವಳು. ಫೋಟೋ ಕಳಿಸಿದೆ. ಮೀನು ಚೆನ್ನಾಗಿದ್ದು ಎಲುಬಿಲ್ಲದವು ಬೀಳುತ್ತಿದ್ದರೆ ಅದು ಲೋಹ, ಹೆಚ್ಚಾಗಿ ತಾಮ್ರ ಎಂದಳು. ಲೋಹ ಹೀರುವ ಫಿಲ್ಟರ್ ಪ್ಯಾಡ್ ಬಸ್ಸಿನಲ್ಲಿ ಕಳಿಸುತ್ತಾಳಂತೆ. ನೀರಿನಲ್ಲಿ ತಾಮ್ರವಿದ್ದರೆ ಪ್ಯಾಡ್ ನೀಲಿಯಾಗುತ್ತದೆ.

ಸೆಪ್ಟೆಂಬರ್ 8, ಭಾನುವಾರ

ನೀಲಿ.

ನನ್ನ ಗಂಡ ಕಲ್ಯಾಣ ಕಳೆದ ತಿಂಗಳು ಆರ್‌ಓ ನೀರಿನ ಡ್ರಮ್ಮಿಗೆ ಹಿತ್ತಾಳೆ ನಲ್ಲಿ ಹಾಕಿದ್ದ. ಹಿತ್ತಾಳೆ ಎಂದರೆ ಅರ್ಧಕ್ಕಿಂತ ಹೆಚ್ಚು ತಾಮ್ರ. ಅಳೆದು ತೂಗಿಯೇ ಬೈದೆ, ಆದರೆ ತುಂಬಾ ಹೊತ್ತು ಬೈದೆ.

"ನಲ್ಲಿ ಬಿಚ್ಚತೀನಿ, ಅನು. ನನ್ನ ಬಿಡು."

ಪ್ಲಾಸ್ಟಿಕ್ ನಲ್ಲಿ ತಂದ. ಮೂರರಲ್ಲೊಂದು ಭಾಗ ನೀರು ಬದಲಿಸಿದೆ. ಹೊಸ ಪ್ಯಾಡ್ ಇಟ್ಟಿದ್ದೇನೆ.

ಸೆಪ್ಟೆಂಬರ್ 11, ಮಧ್ಯಾಹ್ನ

ಮತ್ತೆ ನೀಲಿ. ನಲ್ಲಿ ನಿರಪರಾಧಿ. ಕಲ್ಯಾಣನೂ.

ಅಂದರೆ ತಾಮ್ರ ಒಳಗೇ ಇದೆ. ಸೈಫನ್ ಹಾಕಿ ಮರಳನ್ನು ಮೂಲೆ ಮೂಲೆ ಎಳೆದೆ. ಅತ್ತೆ ಕೂರುವ ಕಡೆಯ ಮೂಲೆಯಲ್ಲಿ ಕೊಳವೆಗೆ ಟಕ್ ಎಂದು ಏನೋ ಬಡಿಯಿತು. ಹಸಿರುಗಟ್ಟಿದ ಬಿಲ್ಲೆ, ನಡುವೆ ತೂತು.

ಅತ್ತೆಯ ಕೀಲಿಗೊಂಚಲಿನಲ್ಲಿದ್ದ ಹಳೇ ಕಾಲದ ತಾಮ್ರದ ತೂತಿನ ದುಡ್ಡು. ಅವರ ಅವ್ವನದು.

ಕಟ್ಟಿಸಂಗಾವಿ ಸೇತುವೆ ಬಂದರೆ ಬಸ್ಸಿನ ಕಿಟಕಿಯಿಂದ ಭೀಮೆಗೆ ರೂಪಾಯಿ ಎಸೆದು ಕೈ ಮುಗಿಯುವವರು ಅವರು. ಸಮುದ್ರಕ್ಕೆ ಸ್ಟೀಲಿನ ರೂಪಾಯಿ ಸಾಲದೆನಿಸಿರಬೇಕು. ನಾನೇಕೆ ಯೋಚಿಸಲಿಲ್ಲ?

ಹೇಳಿದರೆ ಮತ್ತೆ ಆ ಮೂಲೆಗೆ ಬರುವುದಿಲ್ಲ. ಗೊತ್ತು. ಬಿಲ್ಲೆ ಬಳೆಪೆಟ್ಟಿಗೆಯಲ್ಲಿದೆ.

ಸೆಪ್ಟೆಂಬರ್ 14, ಸಂಜೆ

ಹೇಳಿಬಿಟ್ಟೆ. ಬೆಳಿಗ್ಗೆ ಗಾಜಿಗೆ ಹಣೆ ಹಚ್ಚಿ ಮರಳಲ್ಲಿ ಏನೋ ಹುಡುಕುತ್ತಿದ್ದರು, ನೋಡಲಾಗಲಿಲ್ಲ. ಮೆಲ್ಲಗೆ, ಜೋಡಿಸಿಕೊಂಡು ಹೇಳಿದೆ — ತಾಮ್ರ, ಉಪ್ಪು ನೀರು, ಹುಳುಗಳು. ಬ್ಯಾಂಕಿನವರ ಹಾಗೆ ಮಾತಾಡುತ್ತೇನೆಂದು ಅವರೇ ಹಿಂದೊಮ್ಮೆ ನಕ್ಕಿದ್ದುಂಟು. ಈ ಸಲ ನಗಲಿಲ್ಲ. ಚಹಾದ ಲೋಟ ಕೆಳಗಿಟ್ಟರು.

"ಹುಳಾ ಬೀಳಾಕತ್ತಿದ್ದು ನಾನೂ ನೋಡೀನಿ ಬೇ. ನೀ ಮರಳು ಮೂಸಿದಿ, ಮೀಟರ್ ನೋಡಿದಿ, ಕಲಬುರಗಿಗೆ ಫೋನ್ ಹಚ್ಚಿದಿ. ಇಲ್ಲೇ ಕುಂತಾಕೀನ ಒಂದ್ ಮಾತು ಕೇಳಿಲ್ಲ."

ಹೌದು. ಕೇಳಲಿಲ್ಲ. ಈಗಲಾದರೂ ಎಂದು ಕೇಳಿದೆ, ಏನು ಬೇಡಿಕೊಂಡಿರಿ?

"ಸಮುದ್ರಕ್ಕ ಏನ್ ಬೇಡೂದು. ನೋಡಾಕ ಬಂದೀನಿ, ಬರಿಗೈಲೆ ಬಂದಿಲ್ಲ ಅಂತ ಹೇಳೀನಿ." ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡರು. ಅಳುತ್ತಾರೆ ಅಂದುಕೊಂಡೆ. ನಗುತ್ತಿದ್ದರು. "ಪಾಪ, ಕಲ್ಯಾಣ್ಯಾ. ನನ್ನ ಬೈಗಳಾ ತಾ ತಿಂದ."

ನನಗೂ ನಗು ತಡೆಯಲಾಗಲಿಲ್ಲ. ಇಬ್ಬರೂ ನೆಲದ ಮೇಲೆ ಕೂತು ನಕ್ಕೆವು.

ಬಿಲ್ಲೆಯನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ ಸೆರಗಿಗೆ ಗಂಟು ಹಾಕಿಕೊಂಡಿದ್ದಾರೆ. ಇದನ್ನು ಹಾಕಿದರೆ ದೊಡ್ಡ ಸಮುದ್ರಕ್ಕೆ ಏನೂ ಆಗುವುದಿಲ್ಲವಲ್ಲ ಎಂದು ಎರಡು ಸಲ ಕೇಳಿದರು. ದೀಪಾವಳಿ ರಜೆಗೆ ಸೋಲಾಪುರದಿಂದ ಸಮುದ್ರದ ಕಡೆಗೆ ಯಾವ ರೈಲು ಎಂದು ಕಲ್ಯಾಣ ಫೋನಿನಲ್ಲಿ ನೋಡುತ್ತಿದ್ದಾನೆ.

ಸೆಪ್ಟೆಂಬರ್ 22, ಬೆಳಿಗ್ಗೆ 7.10

ಪ್ಯಾಡ್ ಬಿಳಿಯಾಗಿಯೇ ಇದೆ. ಹ್ಯಾಮರ್‌ನ ಒಂದು ಕವಲು ಪೂರ್ತಿ ಬಿಚ್ಚಿದೆ, ಉಳಿದವು ಅರೆಬರೆ. ಬಸವನಹುಳು ಎರಡು ಗಾಜು ಹತ್ತಿವೆ. ಸಿಗಡಿ ಸತ್ತಿತೆಂದೇ ನಾನು ಆಸೆ ಬಿಟ್ಟಿದ್ದೆ, ಅತ್ತೆ ಬಿಟ್ಟಿರಲಿಲ್ಲ. ಈಗ ಹಾಲ್‌ನಿಂದ ಕರೆಯುತ್ತಿದ್ದಾರೆ — ಕಲ್ಲಿನ ಹಿಂದೆ ಬಿಳಿ ಮೀಸೆ ಅಲ್ಲಾಡುತ್ತಿದೆಯಂತೆ, ಬರೆಯುವುದು ಬಿಟ್ಟು ಬಾ ಅಂತ, ನಾನು