ನಾನು ನುಂಗಿದ ಡಾಕ್ಟರಮ್ಮನ ಮಾತು

ಕೋರಮಂಡಲ್
೧೪-೭-೨೦೨೪

ಚಿ. ಸೌ. ಶ್ಯಾಮಲಳಿಗೆ ನಿನ್ನ ಸೋದರಮಾವನ ಆಶೀರ್ವಾದ.

ಏಳನೇ ಕ್ಲಾಸಿಗೆ ಇಸ್ಕೂಲು ಬಿಟ್ಟವನ ಅಕ್ಷರ ನೋಡಿ ನಗಬೇಡ. ಗಣಿ ಕೆಲಸದವರ ಈ ಲೈನ್‌ಮನೆಗಳಲ್ಲಿ ಅರ್ಜಿ ಬರೆಸಬೇಕಾದವರು ಇವತ್ತಿಗೂ ನನ್ನ ಬಾಗಿಲಿಗೇ ಬರುತ್ತಾರೆ. ಫೋನಿನಲ್ಲಿ ಹೇಳಲು ಮೂರು ಸಲ ಹೊರಟೆ, ಬಾಯಿ ಬರಲಿಲ್ಲ.

ಮೊನ್ನೆ ಮಗು ನೋಡಲು ಕಾಮಸಮುದ್ರಕ್ಕೆ ಬಂದಿದ್ದೆನಲ್ಲ. ಸಬ್ಬಸಿಗೆ, ಬೆಳ್ಳುಳ್ಳಿ ಎಷ್ಟು ತಿಂದರೂ ಒಂದು ತೊಟ್ಟು ಹಾಲಿಲ್ಲ ಎಂದೆ ನೀನು. ನಿನ್ನ ಅತ್ತೆ ವೆಂಕಟರತ್ನಮ್ಮ ನನ್ನೆದುರಿಗೇ, "ಅಂದ ಕೆಡ್ತದೆ ಅಂತ ಮಗೀಗೆ ಆಲು ಕೊಡ್ದೆ ಕೂತವ್ಳೆ" ಎಂದರು. ನೀನು ತಲೆ ತಗ್ಗಿಸಿದೆ. ಊರಿಗೆಲ್ಲ ಬಾಯಿ ಮಾಡುವ ನಾನು ಕಾಫಿ ಕುಡಿದು ಎದ್ದು ಬಂದೆ.

ತಪ್ಪು ನಿನ್ನದಲ್ಲವ್ವ.

ಮದುವೆಗೆ ಮುಂಚೆ ಎದೆಯ ಭಾರಕ್ಕೆ ನಿನ್ನ ಕುತ್ತಿಗೆ ಬಾಗಿ, ಭುಜದಲ್ಲಿ ಒಳಬಟ್ಟೆಯ ಪಟ್ಟಿ ಕೊರೆದು ಗಾಯವಾಗಿತ್ತು. ಬಸ್ಸಿನಲ್ಲಿ ಚೀಲವನ್ನು ಎದೆಗೆ ಅಡ್ಡ ಹಿಡಿದೇ ನಿಲ್ಲುತ್ತಿದ್ದೆ. ಆ ಭಾರ ಇಳಿಸುವ ಆಪರೇಷನ್‌ಗೆಂದು ಬಂಗಾರಪೇಟೆಯಲ್ಲಿ ರೈಲು ಹತ್ತಿಸಿ ತಮಿಳುನಾಡಿನ ಆಸ್ಪತ್ರೆಗೆ ಕರೆದೊಯ್ದವನು ನಾನೇ. ಡಾಕ್ಟರಮ್ಮನಿಗೆ ಕನ್ನಡ ಬಾರದು, ನಿನಗೆ ತಮಿಳು ಬಾರದು. ಕನ್ನಡದ ನರ್ಸನ್ನು ಕರೆಸುತ್ತೇವೆಂದರು. ಗಣಿಯಲ್ಲಿ ತಮಿಳರನ್ನೇ ತಮಿಳಿನಲ್ಲಿ ಬೈದು ಗೆದ್ದವನಿಗೆ ನರ್ಸು ಯಾಕೆ ಎಂದು ನಾನೇ ಬೇಡವೆಂದೆ.

ಡಾಕ್ಟರಮ್ಮ ಚಿತ್ರ ಬರೆದು ಎರಡು ದಾರಿ ಹೇಳಿದರು. ಒಂದರಲ್ಲಿ ಮೊಲೆತೊಟ್ಟನ್ನು ಒಳಗಿನ ಮಾಂಸಕ್ಕೆ ಅಂಟಿಕೊಂಡಂತೆಯೇ ಬಿಟ್ಟು ಸುತ್ತಲಿನದನ್ನು ತೆಗೆಯುತ್ತಾರೆ. ಭಾರ ಸ್ವಲ್ಪ ಉಳಿಯುತ್ತದೆ, ಆದರೆ ಮುಂದೆ ಹಾಲು ಬರಬಹುದು. ಇನ್ನೊಂದರಲ್ಲಿ ತೊಟ್ಟನ್ನೇ ಬಿಡಿಸಿ, ಭಾರವೆಲ್ಲ ಇಳಿಸಿ, ಮತ್ತೆ ಕೂರಿಸಿ ಹೊಲಿಯುತ್ತಾರೆ. ಬೆನ್ನಿಗೆ ಪೂರ್ತಿ ಸುಖ, ಆದರೆ ಹಾಲಿನ ದಾರಿ ಮುಚ್ಚಿಹೋಗುತ್ತದೆ.

ನಿನಗೆ ಮಾಡಿದ್ದು ಈ ಎರಡನೆಯದು. ನಾನು ನಿನಗೆ ಹೇಳಿದ್ದು ಬೆನ್ನಿನ ಸುಖವನ್ನು ಮಾತ್ರ. ನಮ್ಮಲ್ಲಿ ಅಕ್ಕನ ಮಗಳನ್ನೇ ಕಟ್ಟಿಕೊಳ್ಳುವುದುಂಟು. ವರಸೆಯ ಹುಡುಗಿಯ ಮುಂದೆ ಮೊಲೆ, ಹಾಲು ಎನ್ನಲು ನಾಚಿಕೊಂಡೆ. ನಿನ್ನ ಬೆನ್ನು ನೆಟ್ಟಗಾದಾಗ ನನ್ನಿಂದಲೇ ಆಯಿತೆಂದು ಊರೆಲ್ಲ ಹೇಳಿಕೊಂಡು ತಿರುಗಿದೆ.

ಈ ಕಾಗದವನ್ನು ನಿನ್ನ ಗಂಡ ಕಾಂತರಾಜನಿಗೂ ಅತ್ತೆಗೂ ಓದಿ ಹೇಳು. ಬೈಯುವುದಿದ್ದರೆ ನನ್ನನ್ನು ಬೈಯಲಿ. ಮಗುವಿಗೆ ಪುಡಿ ಹಾಲೇ ಹಾಕು. ಬರಿದಾದ ಎದೆಗೆ ಹಿಡಿದು ಇಬ್ಬರೂ ಅಳಬೇಡಿ.

ಇಂತಿ ನಿನ್ನ ಮಾವ,
ಸೀನಪ್ಪ

ಮರೆತಿಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ: ಯಾವ ದಾರಿ ಬೇಕೆಂದು ಹುಡುಗಿಯೇ ಹೇಳಲಿ ಎಂದು ಡಾಕ್ಟರಮ್ಮ ಎರಡು ಸಲ ನಿನ್ನ ಕಡೆ ಕೈ ತೋರಿಸಿದರು. ನೀನು ನನ್ನ ಮುಖ ನೋಡಿ, "ಏನಂತೆ ಮಾವ?" ಎಂದೆ. "ಏನಿಲ್ಲ, ಸಯಿ ಆಕ್ಬೇಕಂತೆ" ಎಂದೆ ನಾನು.