ಮೂರನೆಯ ಅಂಗಿ

ಡಾಕ್ಟರಿಗೆ ನಮಸ್ಕಾರ.

ಕ್ಯಾನ್ಸರ್ ಬಂದಿದ್ದ ನನ್ನ ಗಂಡನ ಮೂತ್ರಪಿಂಡವನ್ನು ನೀವು ಹೊಟ್ಟೆ ಪೂರ್ತಿ ಕೊಯ್ಯದೆ, ಸಣ್ಣ ತೂತುಗಳನ್ನು ಮಾಡಿ ತೆಗೆದು ಎಂಟು ತಿಂಗಳಾಯಿತು. ಅಪರೂಪಕ್ಕೆ ಆ ತೂತಿನ ಜಾಗದಲ್ಲೂ ಕ್ಯಾನ್ಸರ್ ಬರಬಹುದು, ಗಡ್ಡೆ ಕಂಡರೆ ತಿಳಿಸಿ ಎಂದವರು ನೀವೇ. ಕಂಡಿದೆ, ತಿಳಿಸಿಯೂ ಆಗಿದೆ. ಮೂರು ಸಲ ಫೋನ್ ಮಾಡಿದರೂ ನಿಮ್ಮ ಸಹಾಯಕರದು ಒಂದೇ ರಾಗ: "ಅದು ಹೊಲಿಗೆ ದಾರದ ಗಂಟಮ್ಮ, ಸುಮ್ನೆ ತಲೆ ಕೆಡಿಸ್ಕೋಬೇಡಿ."

ಮೂವತ್ತು ವರ್ಷದಿಂದ ನಾನು ಟೈಲರ್. ದಾರದ ಗಂಟು ಸಡಿಲವಾಗುತ್ತದೆ, ಬಿಚ್ಚಿಕೊಳ್ಳುತ್ತದೆ. ಬೆಳೆದದ್ದನ್ನು ನಾನು ಕಂಡಿಲ್ಲ. ಇದು ಮೊದಲು ಅಂಗಿಯ ಗುಂಡಿಯಷ್ಟಿತ್ತು, ಈಗ ಕೋಟಿನ ಗುಂಡಿಯಷ್ಟಾಗಿದೆ.

ನಮ್ಮವರು ನಿಮ್ಮ ಸಹಾಯಕರ ಮಾತನ್ನೇ ನಂಬಿ ನೆಮ್ಮದಿಯಾಗಿದ್ದಾರೆ. ಹಾಗಾಗಿ ಗಡ್ಡೆಗೆ ಟೇಪು ಹಿಡಿಯಬೇಕಾದಾಗಲೆಲ್ಲ ಹೊಸ ಅಂಗಿಗೆ ಅಳತೆ ಎನ್ನುತ್ತೇನೆ. ಅನುಮಾನ ಬರಬಾರದೆಂದು ಅಂಗಿಯನ್ನೂ ಹೊಲಿಯುತ್ತೇನೆ. "ಇಷ್ಟೊಂದು ಅಂಗಿ ಯಾಕೆ ಮಾರಾಯ್ತಿ, ನಂಗೇನು ಮತ್ತೆ ಮದುವೆ ಮಾಡ್ತೀಯಾ?" ಎಂದು ನಗುತ್ತಾರೆ.

ಸೋಮವಾರ ಬೆಳಿಗ್ಗೆ ಕರೆತರುತ್ತೇನೆ. ನೀವೇ ಕೈಯಿಟ್ಟು ನೋಡಿ, ಸೂಜಿಯಿಂದ ಚೂರು ತೆಗೆದು ಪರೀಕ್ಷೆಗೆ ಕಳಿಸಿ. ಅವರು ಮೂರನೆಯ ಅಂಗಿ ಹಾಕಿಕೊಂಡು ಬರುತ್ತಾರೆ. ನಾಲ್ಕನೆಯದಕ್ಕೆ ನಾನು ಬಟ್ಟೆ ಕತ್ತರಿಸುವ ಹಾಗೆ ಮಾಡಬೇಡಿ.

ಇಂತಿ,
ರೋಗಿಯ ಹೆಂಡತಿ