ಫ್ಲಾಸ್ಕಿನ ಮೇಲಿನ ಪ್ಲಾಸ್ಟರ್

ರೀ,

ಟಿನ್ ಫ್ಯಾಕ್ಟರಿ ಹತ್ರ ಆರೂವರೆಗೆ ನಮ್ಮ ಆಸ್ಪತ್ರೆ ಬಸ್ಸು ಬರುತ್ತೆ, ಹೊರಟೆ. ನಿಮ್ಮನ್ನ ಎಬ್ಬಿಸ್ಲಿಲ್ಲ. ಉಪ್ಪಿಟ್ಟು ಮುಚ್ಚಿಟ್ಟಿದ್ದೀನಿ, ಬಿಸಿ ಮಾಡ್ಕೊಂಡು ತಿನ್ನಿ. ನಿನ್ನೆ ಎರಡು ಸಲ ಕೆಮ್ಮಿದ್ರಿ. ಒಗ್ಗರಣೆ ಘಾಟು ಅಂದ್ರಿ. ಆಯ್ತು, ಘಾಟೇ ಇರ್ಲಿ, ಆದ್ರೂ ಇವತ್ತು ಮಾರತ್ತಹಳ್ಳಿ ಅಂಗಡಿಗೆ ಹೋಗ್ಬೇಡಿ. ದಿನಾ ಇದನ್ನೇ ಹೇಳಿಸ್ಕೋಬೇಡಿ.

ಫ್ಲಾಸ್ಕಲ್ಲಿ ಬಿಸಿನೀರಿದೆ. ಅದರ ಮೇಲೆ ಒಂದು ಬಿಳಿ ಪ್ಲಾಸ್ಟರ್ ಅಂಟಿಸಿಬಿಟ್ಟಿದ್ದೀನಿ. ಕೋವಿಡ್ ವಾರ್ಡಲ್ಲಿ ಪ್ರತಿಯೊಬ್ಬರ ಫ್ಲಾಸ್ಕಿಗೂ ಹೀಗೇ ಹೆಸರು ಬರೆದು ಅಂಟಿಸ್ತೀವಲ್ಲ, ಕೈ ತಾನಾಗೇ ನಿಮ್ಮ ಹೆಸರು ಬರೆದುಬಿಟ್ಟಿದೆ: ಮಧುಕರ್, ನಲವತ್ತೊಂದು ವರ್ಷ, ಬೆಡ್ ಒಂಬತ್ತು.

ನಿಮಗೆ ಹೇಳಿರ್ಲಿಲ್ಲ. ಆ ಬೆಡ್ಡಲ್ಲಿ ಈ ವಾರ ಮೂರು ಜನ ತೀರ್ಕೊಂಡ್ರು.

ಕೀಳೋಕೆ ಹೋದೆ, ಕೈ ಬರ್ಲಿಲ್ಲ. ಅಲ್ಲಿ ಪ್ಲಾಸ್ಟರ್ ಕೀಳೋಳು ನಾನೇ, ಬೆಡ್ ಖಾಲಿಯಾದ್ಮೇಲೆ.

ವಾರ್ಡೊಳಗೆ ಫೋನ್ ಬಿಡಲ್ಲ, ಅದಕ್ಕೆ ನನ್ನ ಫೋನ್ ಟಿವಿ ಪಕ್ಕ ಇಟ್ಟಿದ್ದೀನಿ. ಹನ್ನೊಂದಕ್ಕೆ ನಮ್ಮಂಥ ಸ್ಟಾಫನ್ನ ವಿಚಾರಿಸ್ಕೊಳ್ಳೋ ಆಸ್ಪತ್ರೆಯ ಕೌನ್ಸೆಲರ್ ಮೇಡಂ ಫೋನ್ ಮಾಡ್ತಾರೆ, ಇವತ್ತು ಮನೇಲಿರ್ತೀನಿ ಅಂದಿದ್ದೀನಿ. ಅವರು ಕೇಳಿದಾಗೆಲ್ಲ "ಚೆನ್ನಾಗಿದ್ದೀನಿ ಮೇಡಂ, ನಿದ್ದೆ ಬರುತ್ತೆ" ಅಂದಿದ್ದೀನಿ. ಸುಳ್ಳು. ನೀವು ಎತ್ತಿ ನಿಜ ಹೇಳಿ. ನಾನು ಊಟದ ತಟ್ಟೆ ಮುಂದೆ ಸುಮ್ನೆ ಕೂತಿರೋದು ಹೇಳಿ, ಈ ಫ್ಲಾಸ್ಕಿಂದೂ ಹೇಳಿ. ನನ್ನ ಬಾಯಲ್ಲಿ ಬರಲ್ಲ.

ಆಮೇಲೆ ಪ್ಲಾಸ್ಟರ್ ಕಿತ್ತುಹಾಕಿ. ನಾನು ಸಂಜೆ ಬಂದು ಕೀಳೋ ಹಾಗೆ ಮಾಡ್ಬೇಡಿ, ನಿಮ್ಮ ದಮ್ಮಯ್ಯ. ಒಂಬತ್ತನೇ ಬೆಡ್ಡಲ್ಲಿ ತಮ್ಮ ಪ್ಲಾಸ್ಟರ್ ತಾವೇ ಕಿತ್ತೋರು ಇನ್ನೂ ಒಬ್ರೂ ಇಲ್ಲ.

ನೀವು ಕೀಳಿ.

ಭಾಗ್ಯ